ಕೊಬ್ಬಿನ ಮಾತಿಗೆ ಎಲುಬಿನ ಕಿವಿ

ಶಹಾಬಾದ್ ಕಲ್ಲು ಹಾಸಿದ ಬಚ್ಚಲು, ಮೇಲೆ ಸಾಬೂನಿನ ನೀರು. ಕಾಲು ಜಾರುತ್ತದೆ. ಬಿದ್ದವರು ಒಣಕಲು ಮೈಯ ಎಪ್ಪತ್ತರ ಅಜ್ಜಿಯಾದರೆ ಮುರಿಯುವುದು ಹೆಚ್ಚಾಗಿ ತೊಡೆಯೆಲುಬಿನ ಕತ್ತು. ಬಿದ್ದವರು ಐವತ್ತೈದರ, ಮೈಕೈ ತುಂಬಿಕೊಂಡ ಹೆಂಗಸಾದರೆ ತೊಡೆಯ ಕತ್ತು ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಹೋಗುವುದು ಪಾದದ ಗಿಣ್ಣು, ಇಲ್ಲವೇ ಮೇಲ್ತೋಳು. ಬಚ್ಚಲೂ ಅದೇ, ಕಲ್ಲೂ ಅದೇ, ಮುರಿದ ಎಲುಬು ಮಾತ್ರ ಬೇರೆ.

‘ದಪ್ಪ ಇದ್ದವರ ಎಲುಬು ಗಟ್ಟಿ’ ಎಂಬ ಮಾತು ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ಇರುವವರಿಗೆ ಹೋಲಿಸಿದರೆ 20 ಇರುವವರಲ್ಲಿ ತೊಡೆಯ ಕತ್ತು ಮುರಿಯುವ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ 25 ದಾಟಿ ತೂಕ ಏರುತ್ತ ಹೋದ ಹಾಗೆ ರಕ್ಷಣೆ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಒಂದು ಹಂತದ ನಂತರ ಕೊಬ್ಬು ಎಲುಬಿಗೆ ಸಾಲ ಕೊಡುವುದು ಬಿಟ್ಟು ಬಡ್ಡಿ ವಸೂಲಿಗೆ ನಿಲ್ಲುತ್ತದೆ.

ಕೊಬ್ಬನ್ನು ನಾವು ಹಗೇವಿನ ಹಾಗೆ ಭಾವಿಸುತ್ತೇವೆ. ಸುಗ್ಗಿಯಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದರೆ ಬರಗಾಲದಲ್ಲಿ ತೆಗೆಯುವ ತನಕ ಅದು ಸುಮ್ಮನೆ ಬಿದ್ದಿರಬೇಕು ತಾನೆ? ನಿಜಕ್ಕೆ ಹತ್ತಿರದ ಹೋಲಿಕೆ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿ. ದಾಸ್ತಾನೂ ಅಲ್ಲೇ, ದಿನವಿಡೀ ನಾಲ್ಕು ದಿಕ್ಕಿಗೆ ಫೋನೂ ಅಲ್ಲಿಂದಲೇ. ಕೊಬ್ಬಿನ ಕೋಶಗಳು ಹಾರ್ಮೋನು ತಯಾರಿಸಿ ರಕ್ತಕ್ಕೆ ಬಿಡುತ್ತವೆ ಎಂಬುದು ಲೆಪ್ಟಿನ್ ಪತ್ತೆಯಾದ 1994ರಿಂದ ಗಟ್ಟಿಯಾಯಿತು. ಅಮೆರಿಕದ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನ್ ಹುಡುಕಿತು. ಹೆಸರು ಬಂದಿದ್ದು ‘ತೆಳ್ಳಗೆ’ ಎಂಬ ಅರ್ಥದ ಗ್ರೀಕ್ ಪದದಿಂದ. ಕೊಬ್ಬು ಹೆಚ್ಚಿದಷ್ಟೂ ರಕ್ತದಲ್ಲಿ ಲೆಪ್ಟಿನ್ ಹೆಚ್ಚು. ‘ದಾಸ್ತಾನು ಸಾಕಷ್ಟಿದೆ, ಹಸಿವು ಸಾಕು’ ಎಂದು ಮಿದುಳಿಗೆ ಹೇಳುವುದು ಅದರ ಮೊದಲ ಕೆಲಸ.

ಎಲುಬಿನ ವಿಷಯಕ್ಕೆ ಬಂದರೆ ಲೆಪ್ಟಿನ್ ಎರಡು ನಾಲಿಗೆಯದು. 2000ನೇ ಇಸವಿಯಲ್ಲಿ ಜೆರಾರ್ಡ್ ಕಾರ್ಸೆಂಟಿಯವರ ತಂಡ ಲೆಪ್ಟಿನ್ನೇ ಇಲ್ಲದ ಇಲಿಗಳನ್ನು ಪರೀಕ್ಷಿಸಿತು. ಮೈತುಂಬ ಕೊಬ್ಬು, ಅಂಡಾಶಯ ನಿಷ್ಕ್ರಿಯ. ಹಾಗಿದ್ದ ಮೇಲೆ ಎಲುಬು ಸವೆದಿರಬೇಕಿತ್ತು. ಬೆನ್ನೆಲುಬು ಮಾತ್ರ ಮಾಮೂಲಿ ಇಲಿಗಿಂತ ದಟ್ಟವಾಗಿತ್ತು. ಆ ಇಲಿಗಳ ಮಿದುಳಿಗೆ ಲೆಪ್ಟಿನ್ ಬಿಟ್ಟಾಗ ಎಲುಬು ಇಳಿಯಿತು. ಲೆಪ್ಟಿನ್ ಮಿದುಳಿನ ಹೈಪೋಥಲಾಮಸ್‌ಗೆ ಹೇಳುತ್ತದೆ, ಅದು ಸಿಂಪಥೆಟಿಕ್ ನರಗಳ ಮೂಲಕ ಎಲುಬು ಕಟ್ಟುವ ಕೋಶಗಳ ಕೈ ಕಟ್ಟಿಹಾಕುತ್ತದೆ. ಇದು ಒಂದು ನಾಲಿಗೆ. ಇನ್ನೊಂದು ನಾಲಿಗೆ ಮಿದುಳನ್ನು ಬಿಟ್ಟು ನೇರವಾಗಿ ಎಲುಬಿನ ಕೋಶಗಳ ಜತೆ ಮಾತಾಡುತ್ತದೆ, ಅಲ್ಲಿ ಅದು ‘ಕಟ್ಟು’ ಎನ್ನುತ್ತದೆ. ಅದೇ ಇಲಿಗಳ ಬೆನ್ನು ದಟ್ಟವಾಗಿದ್ದರೂ ತೊಡೆಯೆಲುಬು ಸೊರಗಿದ್ದು ಇದೇ ಕಾರಣಕ್ಕೆ.

ಮನುಷ್ಯರಲ್ಲಿ ಈ ಎರಡನೆಯ ನಾಲಿಗೆಯ ಮಾತೇ ಹೆಚ್ಚು ಕೇಳಿಸುತ್ತದೆ. ಊಟ ಕಡಿಮೆ, ದುಡಿಮೆ ಹೆಚ್ಚು, ಮೈಯಲ್ಲಿ ಕೊಬ್ಬೇ ಇಲ್ಲದೆ ಮುಟ್ಟು ನಿಂತುಹೋದ ಯುವತಿಯರಿಗೆ ಲೆಪ್ಟಿನ್ ಕೊಟ್ಟು ನೋಡಿದಾಗ ಹಲವರಲ್ಲಿ ಮುಟ್ಟು ಮರಳಿತು, ಮುಂದೆ ಬೆನ್ನೆಲುಬಿನ ಸಾಂದ್ರತೆಯೂ ಏರಿತು. ಇದನ್ನು ಓದಿ ‘ಲೆಪ್ಟಿನ್ ಔಷಧ ಎಲ್ಲಿ ಸಿಗುತ್ತದೆ’ ಎಂದು ಕೇಳಬಾರದು. ತೂಕ ತೀರಾ ಕಡಿಮೆಯಿರುವ, ಮೂರು ತಿಂಗಳಿಗೂ ಮೀರಿ ಮುಟ್ಟು ಕಾಣದ ಹುಡುಗಿಯ ಎಲುಬು ಆಗಲೇ ಕರಗುತ್ತಿರಬಹುದು, ಅವಳಿಗೆ ಮೊದಲು ಬೇಕಾದದ್ದು ತಾಟಿನ ತುಂಬ ಊಟ ಎಂದು ತಿಳಿದರೆ ಸಾಕು. ಜೀವನದ ಗರಿಷ್ಠ ಎಲುಬಿನ ಗಂಟು ಕೂಡುವುದು ಮೂವತ್ತರ ಒಳಗೆ. ಹದಿನೆಂಟಕ್ಕೆ ಕಳೆದದ್ದನ್ನು ನಲವತ್ತಕ್ಕೆ ಗುಳಗಿ ನುಂಗಿ ತುಂಬಲಾಗದು.

ಕೊಬ್ಬಿನ ಇನ್ನೊಂದು ಹಾರ್ಮೋನು ಅಡಿಪೊನೆಕ್ಟಿನ್. ಇದರ ದಾರಿ ತಿರುಗುಮುರುಗು: ಹೊಟ್ಟೆಯ ಕೊಬ್ಬು ಹೆಚ್ಚಿದಷ್ಟೂ ಇದು ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಮಟ್ಟಿಗೆ ಒಳ್ಳೆಯದಾದರೂ, ರಕ್ತದಲ್ಲಿ ಇದು ಹೆಚ್ಚಿರುವವರ ಎಲುಬಿನ ಸಾಂದ್ರತೆ ಕಡಿಮೆ ಇರುವುದು ಅಧ್ಯಯನದ ಮೇಲೆ ಅಧ್ಯಯನದಲ್ಲಿ ಕಂಡಿದೆ. ಪ್ರಯೋಗಾಲಯದ ತಟ್ಟೆಯಲ್ಲಿ ಮಾತ್ರ ಇದೇ ಹಾರ್ಮೋನು ಎಲುಬು ಕಟ್ಟುವ ಕೋಶಗಳನ್ನು ಹುರಿದುಂಬಿಸುತ್ತದೆ. ಈ ಗಂಟು ಬಿಡಿಸುವುದು ಸಂಶೋಧಕರ ಪಾಡು. ಓದುಗರಿಗೆ ಹೇಳಬೇಕಾದದ್ದು ಇಷ್ಟೇ: ಲೆಪ್ಟಿನ್, ಅಡಿಪೊನೆಕ್ಟಿನ್ ಅಳೆಸಿ ಎಲುಬಿನ ಭವಿಷ್ಯ ಹೇಳುವ ವಾಡಿಕೆ ವೈದ್ಯಕೀಯದಲ್ಲಿಲ್ಲ. ಯಾವುದಾದರೂ ಪ್ಯಾಕೇಜಿನಲ್ಲಿ ಅವೆರಡರ ಹೆಸರು ಕಂಡರೆ ಆ ದುಡ್ಡು ಕಿಸೆಯಲ್ಲೇ ಇರಲಿ.

ಕೊಬ್ಬು ಎಲುಬಿಗೆ ಮಾಡುವ ನಿಜವಾದ ಉಪಕಾರ ಈಸ್ಟ್ರೋಜನ್. ಮೂತ್ರಪಿಂಡದ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿ ಆಂಡ್ರೊಸ್ಟೆನಿಡಿಯೋನ್ ಎಂಬ ಕಚ್ಚಾ ಮಾಲು ಕಳಿಸುತ್ತದೆ. ಕೊಬ್ಬಿನೊಳಗಿನ ಅರೋಮಟೇಸ್ ಎಂಬ ಕಿಣ್ವ ಅದನ್ನು ಈಸ್ಟ್ರೋನ್ ಎಂಬ ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯದ ಅಂಗಡಿ ಬಾಗಿಲು ಹಾಕಿದಾಗ ಹೆಣ್ಣಿನ ಮೈಗೆ ಈಸ್ಟ್ರೋಜನ್ ಸಿಗುವುದು ಮುಖ್ಯವಾಗಿ ಈ ಹಿತ್ತಲ ಬಾಗಿಲಿನಿಂದ. ಎಲುಬು ಕೆರೆಯುವ ಕೋಶಗಳಿಗೆ ಲಗಾಮು ಹಾಕುವುದು ಈಸ್ಟ್ರೋಜನ್. ಒಣಕಲು ಅಜ್ಜಿಗೆ ಈ ಲಗಾಮೂ ಇಲ್ಲ, ಬಿದ್ದಾಗ ಟೊಂಕದ ಬದಿಗೆ ಮೆತ್ತೆಯೂ ಇಲ್ಲ, ಎಲುಬಿಗೆ ದಿನನಿತ್ಯದ ಭಾರವೂ ಇಲ್ಲ.

ಹಾಗಾದರೆ ದಪ್ಪಗಿದ್ದವರೇ ಪುಣ್ಯವಂತರಲ್ಲವೇ? ಕೊಬ್ಬು ಕೂತ ಜಾಗದ ಮೇಲೆ ಅದು ನಿಂತಿದೆ. ತೊಡೆ, ಪೃಷ್ಠದ ಕೊಬ್ಬು ಸಾಧು. ಹೊಟ್ಟೆಯೊಳಗೆ ಕರುಳು, ಪಿತ್ತಜನಕಾಂಗದ ಸುತ್ತ ತುಂಬಿದ ಕೊಬ್ಬು ಜಗಳಗಂಟಿ. ಅದು ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ರಾಸಾಯನಿಕಗಳನ್ನು ಸುರಿಯುತ್ತದೆ. ಇವು ರ್‍ಯಾಂಕ್-ಎಲ್ ಎಂಬ ಸಂಕೇತವನ್ನು ಏರಿಸುತ್ತವೆ. ಆ ಸಂಕೇತ ಸಿಕ್ಕಷ್ಟೂ ಎಲುಬು ಕೆರೆಯುವ ಕೋಶಗಳು ಹುಟ್ಟುತ್ತ ಹೋಗುತ್ತವೆ. ಸಾಲದ್ದಕ್ಕೆ ಹೊಟ್ಟೆಯ ಕೊಬ್ಬಿನಲ್ಲಿರುವ ಇನ್ನೊಂದು ಕಿಣ್ವ ನಿಷ್ಕ್ರಿಯ ಕಾರ್ಟಿಸೋನನ್ನು ಚುರುಕಾದ ಕಾರ್ಟಿಸಾಲ್ ಆಗಿ ಬದಲಿಸುತ್ತದೆ, ಅಂದರೆ ಮನೆಯೊಳಗೇ ಒಂದು ಪುಟ್ಟ ಸ್ಟೀರಾಯ್ಡ್ ಕಾರ್ಖಾನೆ.

ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟು ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ ನಮಗೆ ಬೇರೆ ಅಳತೆಗೋಲೇ ಇದೆ. ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗೆರೆ. ಟೇಪು ಹಿಡಿಯುವಲ್ಲಿ ತಪ್ಪಾಗುವುದೇ ಹೆಚ್ಚು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಸೀರೆಯ ನೆರಿಗೆಯ ಮೇಲೆ ಅಳೆದರೆ ಆ ಅಂಕಿ ಹೊಟ್ಟೆಯದೋ ಸೀರೆಯದೋ ತಿಳಿಯುವುದಿಲ್ಲ. ಕೊನೆಯ ಪಕ್ಕೆಲುಬಿನ ಕೆಳಗೂ ಟೊಂಕದ ಎಲುಬಿನ ಮೇಲಂಚಿಗೂ ನಡುಮಧ್ಯದಲ್ಲಿ, ಬರಿಮೈ ಮೇಲೆ, ಮಾಮೂಲಿ ಉಸಿರು ಬಿಟ್ಟ ಹೊತ್ತಿಗೆ, ಟೇಪು ಚರ್ಮವನ್ನು ಒತ್ತದ ಹಾಗೆ ಅಳೆಯಬೇಕು. ಗಂಡಸರು ಹೊಟ್ಟೆ ಒಳಗೆಳೆದುಕೊಳ್ಳುವುದನ್ನು ಟೇಪು ಹಿಡಿದವರೇ ಗಮನಿಸಬೇಕು.

ಇದಲ್ಲದೆ ಎಲುಬಿನ ಒಳಗೇ ಒಂದು ಕೊಬ್ಬಿದೆ. ಮಜ್ಜೆಯಲ್ಲಿರುವ ಒಂದೇ ತಾಯಿಕೋಶದಿಂದ ಎಲುಬು ಕಟ್ಟುವ ಕೋಶವೂ ಹುಟ್ಟಬಹುದು, ಕೊಬ್ಬಿನ ಕೋಶವೂ ಹುಟ್ಟಬಹುದು. ಹೊಲ ಒಂದೇ, ಅಲ್ಲಿ ಹತ್ತಿ ಹೆಚ್ಚು ಹಾಕಿದರೆ ತೊಗರಿಗೆ ಜಾಗ ಕಡಿಮೆ. ರನ್‌ಎಕ್ಸ್-2 ಎಂಬ ಒಳಗುಂಡಿ ಒತ್ತಿದರೆ ಎಲುಬು, ಪಿಪಿಎಆರ್-ಗಾಮಾ ಒತ್ತಿದರೆ ಕೊಬ್ಬು. ವಯಸ್ಸು ಎರಡನೆಯ ಗುಂಡಿಯ ಮೇಲೆ ಬೆರಳಿಡುತ್ತದೆ, ಈಸ್ಟ್ರೋಜನ್ ಕೊರತೆ ಬೆರಳಿಡುತ್ತದೆ, ಕೆಲ ಔಷಧಗಳೂ ಇಡುತ್ತವೆ. ವಿಚಿತ್ರವೆಂದರೆ ಊಟವಿಲ್ಲದೆ ಮೈಯ ಕೊಬ್ಬೆಲ್ಲ ಕರಗಿದವರಲ್ಲೂ ಮಜ್ಜೆಯ ಕೊಬ್ಬು ಹೆಚ್ಚುತ್ತದೆ.

ಔಷಧಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ಶುಗರ್‌ಗೆ ಕೊಡುವ ಪಯೋಗ್ಲಿಟಜೋನ್ ಕೆಲಸ ಮಾಡುವುದೇ ಪಿಪಿಎಆರ್-ಗಾಮಾ ಗುಂಡಿ ಒತ್ತಿ. ಆದ್ದರಿಂದಲೇ ಅದನ್ನು ವರ್ಷಗಟ್ಟಲೆ ತೆಗೆದುಕೊಂಡ ಹೆಂಗಸರಲ್ಲಿ ಕೈಕಾಲಿನ ಎಲುಬು ಮುರಿತ ಹೆಚ್ಚು. ಭಾರತದಲ್ಲಿ 2013ರಲ್ಲಿ ಅದನ್ನು ಕೆಲ ವಾರ ನಿಲ್ಲಿಸಿ ಎಚ್ಚರಿಕೆಯ ಸೂಚನೆಯೊಂದಿಗೆ ಮತ್ತೆ ಬಿಟ್ಟದ್ದು ಮೂತ್ರಕೋಶದ ಕ್ಯಾನ್ಸರಿನ ಅನುಮಾನಕ್ಕೆ. ಎಲುಬಿನ ಮಾತು ಆ ಗದ್ದಲದಲ್ಲಿ ಹಿಂದೆ ಸರಿಯಿತು. ಚೀಟಿಯಲ್ಲಿ ಎರಡು ಮೂರು ಔಷಧ ಸೇರಿದ ಗುಳಗಿಯಿದ್ದರೆ ಅದರೊಳಗೆ ಇದಿದೆಯೇ ಎಂದು ಓದಿಸಿಕೊಳ್ಳಿ. ಮುಟ್ಟು ನಿಂತವರು, ಒಮ್ಮೆ ಎಲುಬು ಮುರಿದವರು ಬೇರೆ ಔಷಧ ಆಗಬಹುದೇ ಎಂದು ವೈದ್ಯರನ್ನು ಕೇಳಬೇಕು. ಇದಕ್ಕಿಂತ ದೊಡ್ಡ ಕಂಟಕ ಸ್ಟೀರಾಯ್ಡ್. ಮೊಣಕಾಲು ನೋವಿಗೆ ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಡುವ ಸಣ್ಣ ಗುಳಗಿ ಎರಡೇ ದಿನದಲ್ಲಿ ಜಾದೂ ಮಾಡಿದರೆ, ಹಸಿವು ಹೆಚ್ಚಿದರೆ, ಮುಖ ದುಂಡಗಾದರೆ ಅನುಮಾನ ಪಡಬೇಕು. ಪ್ರೆಡ್ನಿಸೋಲೋನ್ ದಿನಕ್ಕೆ 5 ಮಿಲಿಗ್ರಾಂನಂತೆ ಮೂರು ತಿಂಗಳು ಹೋದರೆ ಎಲುಬಿಗೆ ಪೆಟ್ಟು ಬಿದ್ದಿದೆ ಎಂದೇ ಲೆಕ್ಕ. ಹಾಗೆಂದು ತಿಂಗಳುಗಟ್ಟಲೆ ನುಂಗಿದ್ದನ್ನು ಒಂದು ಬೆಳಗ್ಗೆ ದಿಢೀರನೆ ಬಿಡಬಾರದು. ಅಡ್ರಿನಲ್ ಗ್ರಂಥಿ ಅಷ್ಟರಲ್ಲಿ ನಿದ್ದೆಗೆ ಜಾರಿರುತ್ತದೆ. ವಾಂತಿ, ರಕ್ತದೊತ್ತಡ ಕುಸಿತ, ಜೀವಕ್ಕೇ ಸಂಚಕಾರ. ವೈದ್ಯರ ಕಣ್ಣಳತೆಯಲ್ಲಿ ಇಳಿಸಿ ಇಳಿಸಿ ಬಿಡಬೇಕು.

ಇನ್ನು ಶುಗರ್ ಇರುವವರ ಎಲುಬು ಯಂತ್ರವನ್ನೇ ಮೋಸಗೊಳಿಸುತ್ತದೆ. ಟೈಪ್-2 ಇರುವವರ ಎಲುಬಿನ ಸಾಂದ್ರತೆ ಮಾಮೂಲಿ, ಕೆಲವೊಮ್ಮೆ ಮಾಮೂಲಿಗಿಂತ ಹೆಚ್ಚು. ಆದರೂ ಮುರಿತ ಹೆಚ್ಚು. ಸಕ್ಕರೆ ಅಂಟಿಕೊಂಡ ಕೊಲಾಜನ್ ನಾರು ಬಿರುಸಾಗಿ ಬಾಗುವ ಗುಣ ಕಳೆದುಕೊಳ್ಳುತ್ತದೆ: ಗೋಡೆ ದಪ್ಪಗೇ ಇದೆ, ಗಾರೆ ಸತ್ತಿದೆ. ಹತ್ತು ವರ್ಷದ ಮುರಿತದ ಸಂಭವ ಲೆಕ್ಕ ಹಾಕುವ ಫ್ರ್ಯಾಕ್ಸ್ ಪಟ್ಟಿಯಲ್ಲಿ ಟೈಪ್-2 ಶುಗರ್‌ಗೆ ಕಾಲಂ ಇಲ್ಲ, ಹಾಗಾಗಿ ಕೆಲ ವೈದ್ಯರು ಅದರ ಬದಲಿಗೆ ರುಮಟಾಯ್ಡ್ ಸಂಧಿವಾತದ ಕಾಲಂಗೆ ಗುರುತು ಹಾಕಿ ಲೆಕ್ಕ ಸರಿದೂಗಿಸುತ್ತಾರೆ. ಇನ್ಸುಲಿನ್ ಹೆಚ್ಚಾಗಿ ಶುಗರ್ ಇಳಿದು ಕಣ್ಣು ಕತ್ತಲೆ ಬಂದು ಬೀಳುವುದು, ಪಾದದ ಸ್ಪರ್ಶ ಹೋಗಿ ಎಡವುವುದು ಬೇರೆಯದೇ ಖಾತೆ.

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಅಲ್ಲೇ ಹಂಚಿಹೋಗಿ ರಕ್ತಕ್ಕೆ ಸಿಗುವುದು ಕಡಿಮೆ. ದಪ್ಪಗಿದ್ದವರಿಗೆ ಎರಡು ಮೂರು ಪಟ್ಟು ಪ್ರಮಾಣ ಬೇಕಾಗಬಹುದು. ‘ಕಲಬುರಗಿ ಬಿಸಿಲಲ್ಲಿ ಡಿ ಕೊರತೆಯೇ’ ಎಂಬ ನಗೆಮಾತಿದೆ. ಬಿಸಿಲೇ ಶತ್ರುವಾದ ಊರಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಯಾರು ತೋಳು ತೆರೆದು ನಿಲ್ಲುತ್ತಾರೆ? ಮೈ ಮುಚ್ಚಿಯೇ ಹೊರಗೆ ಹೋಗುತ್ತೇವೆ, ಕಿಟಕಿಯ ಗಾಜಿನೊಳಗೆ ಬರುವ ಬಿಸಿಲು ಡಿ ತಯಾರಿಸುವುದಿಲ್ಲ. ರಕ್ತದಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ. ಸಾಮಾನ್ಯ ಚಿಕಿತ್ಸೆ ವಾರಕ್ಕೊಂದು 60,000 ಯೂನಿಟ್, ಎಂಟು ವಾರ, ಆಮೇಲೆ ತಿಂಗಳಿಗೊಂದು. ಹಾಲಿನ ಜತೆ ಇಲ್ಲವೇ ಊಟದ ಮೇಲೆ. ಎಡವಟ್ಟು ಆಗುವುದು ಎಲ್ಲಿ? ಎಂಟು ವಾರದ ಚೀಟಿಯನ್ನು ಅಂಗಡಿಯಲ್ಲಿ ತೋರಿಸಿ ತೋರಿಸಿ ವರ್ಷವಿಡೀ ವಾರಕ್ಕೊಂದು ನುಂಗುತ್ತಾರೆ. ಇನ್ನು ಕೆಲವರು ಆರು ಲಕ್ಷ ಯೂನಿಟ್ಟಿನ ಸೂಜಿಯನ್ನು ಬೆನ್ನು ನೋವು ಬಂದಾಗಲೆಲ್ಲ ಮಾಡಿಸುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ವಾಂತಿ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಕೊಬ್ಬಿನಲ್ಲಿ ಕೂತ ಡಿ ನಿಧಾನಕ್ಕೆ ಹೊರಬೀಳುವುದರಿಂದ ಈ ಕಾಟ ಗುಳಗಿ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ.

ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200. ಜೋಳದ ರೊಟ್ಟಿ, ತೊಗರಿಬ್ಯಾಳಿ, ಪಲ್ಯ ಎಷ್ಟೇ ಒಳ್ಳೆಯ ಊಟವಾದರೂ ಹಾಲು ಮೊಸರಿಲ್ಲದ ತಾಟು ಇದರ ಮೂರನೆಯ ಒಂದು ಪಾಲು ದಾಟುವುದೂ ಕಷ್ಟ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ. ಎರಡು ಲೋಟ ಹಾಲು (400 ಮಿಲಿ) ಸುಮಾರು 480, ಒಂದು ಬಟ್ಟಲು ಗಟ್ಟಿ ಮೊಸರು 180ರ ಹತ್ತಿರ, ಸಿಪ್ಪೆ ತೆಗೆಯದ ಎಳ್ಳು ಎರಡು ದೊಡ್ಡ ಚಮಚ ಸುಮಾರು 200, ಒಂದು ಹಿಡಿ ರಾಜಗಿರಿ ಸೊಪ್ಪು 150. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದು ವರ್ಷಪೂರ್ತಿ ಎಳ್ಳನ್ನು ಮರೆಯುವುದೇ ನಷ್ಟ. ಶೇಂಗಾ ಹಿಂಡಿಯಲ್ಲಿ ಕಾಲು ಭಾಗ ಕರಿ ಎಳ್ಳು ಹುರಿದು ಕುಟ್ಟಿದರೆ ದಿನಾ ತಾಟಿಗೆ ಬರುತ್ತದೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಬಿಟ್ಟುಕೊಡುವುದಿಲ್ಲ, ಲೆಕ್ಕಕ್ಕೆ ಹಿಡಿಯಬೇಡಿ. ಗುಳಗಿಯೇ ಬೇಕಾದರೆ, ಡಬ್ಬಿಯ ಮೇಲೆ 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದ್ದರೆ ಅದರಲ್ಲಿ ನಿಜ ಕ್ಯಾಲ್ಸಿಯಂ 500 ಮಾತ್ರ. ಊಟದ ಜತೆ ಒಂದು ಸಲಕ್ಕೆ ಒಂದೇ. ಕಬ್ಬಿಣದ ಗುಳಗಿಯ ಜತೆ ಬೇಡ, ಥೈರಾಯ್ಡ್ ಗುಳಗಿಯಿಂದ ನಾಲ್ಕು ತಾಸು ದೂರವಿರಲಿ.

ಹೊಟ್ಟೆ ಇಳಿಸಬೇಕು ಎಂದ ಕೂಡಲೆ ಊಟ ಬಿಡುವವರಿದ್ದಾರೆ. ಹೊಟ್ಟೆಯ ಜತೆ ಅವರ ಎಲುಬೂ ಇಳಿಯುತ್ತದೆ. ಮೈತೂಕದಲ್ಲಿ ನೂರಕ್ಕೆ ಹತ್ತು ಭಾಗ ಕಳೆದರೆ ತೊಡೆಯೆಲುಬಿನ ಸಾಂದ್ರತೆಯಲ್ಲಿ ನೂರಕ್ಕೆ ಒಂದೆರಡು ಹೋಗುತ್ತದೆ: ಭಾರ ಕಡಿಮೆ, ಈಸ್ಟ್ರೋಜನ್ ಕಡಿಮೆ, ಲೆಪ್ಟಿನ್ ಕಡಿಮೆ, ಜತೆಗೆ ಸ್ನಾಯುವೂ ಕರಗಿರುತ್ತದೆ. ಈಗ ಬಂದಿರುವ ವಾರಕ್ಕೊಂದು ತೂಕ ಇಳಿಸುವ ಸೂಜಿಯವರಿಗೂ, ಜಠರದ ಬೈಪಾಸ್ ಮಾಡಿಸಿಕೊಂಡವರಿಗೂ ಇದೇ ಮಾತು. ಬೈಪಾಸಿನವರಿಗಂತೂ ಕ್ಯಾಲ್ಸಿಯಂ ಹೀರುವಿಕೆಯೇ ಕುಂದಿರುವುದರಿಂದ ಇನ್ನೂ ಹೆಚ್ಚು. ವಾರಕ್ಕೆ ಅರ್ಧ ಕಿಲೋ ಸಾಕು. ಮೂತ್ರಪಿಂಡದ ತೊಂದರೆ ಇಲ್ಲದವರು ಕಿಲೋ ಮೈತೂಕಕ್ಕೆ ಒಂದು ಗ್ರಾಂ ಪ್ರೋಟೀನ್ ಬಿಡಬಾರದು. 60 ಕಿಲೋ ಮೈಗೆ ಮೂರು ರೊಟ್ಟಿಯಿಂದ 15 ಗ್ರಾಂ, 60 ಗ್ರಾಂ ಒಣ ತೊಗರಿಬೇಳೆಯಿಂದ 13, ಮೇಲೆ ಹೇಳಿದ ಹಾಲು ಮೊಸರಿನಿಂದ 18, ಒಂದು ಹಿಡಿ ಶೇಂಗಾದಿಂದ 7, ತತ್ತಿ ತಿನ್ನುವವರಿಗೆ ಅದರಿಂದ 6. ಬ್ಯಾಳಿ ತೆಳ್ಳಗೆ ನೀರಾದರೆ ಲೆಕ್ಕ ತಪ್ಪುತ್ತದೆ, ಬಟ್ಟಲು ತುಂಬಿದ್ದರೂ ಬೇಳೆ ಇರುವುದಿಲ್ಲ.

ಬೆಳಗಿನ ವಾಕಿಂಗ್ ಒಂದರಿಂದ ಎಲುಬು ಬೆಳೆಯುವುದಿಲ್ಲ. ಎಲುಬಿಗೆ ಕೇಳಿಸುವುದು ಭಾರದ ಭಾಷೆ. ವಾರಕ್ಕೆ ಮೂರು ದಿನ ಕೈ ಊರದೆ ಕುರ್ಚಿಯಿಂದ ಎದ್ದು ಕೂಡುವುದು ಹತ್ತರಂತೆ ಮೂರು ಸುತ್ತು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು ಹದಿನೈದರಂತೆ ಎರಡು ಸುತ್ತು, ಎರಡು ಕೈಯಲ್ಲಿ ಎರಡೆರಡು ಕಿಲೋ ಚೀಲ ಹಿಡಿದು ಮೆಟ್ಟಿಲು ಹತ್ತಿಳಿಯುವುದು, ಸಲೀಸಾದ ಮೇಲೆ ಅರ್ಧ ಅರ್ಧ ಕಿಲೋ ಏರಿಸುವುದು. ಎತ್ತರ ಎರಡು ಮೂರು ಸೆಂಟಿಮೀಟರ್ ಇಳಿದವರು, ಬೆನ್ನು ಗೂನಾದವರು ಮುಂದಕ್ಕೆ ಬಾಗುವ ಕಸರತ್ತು ಮಾಡಬಾರದು. ಅಂಥವರು ತುಂಬಿದ ಕೊಡ ನೆಲದಿಂದ ಎತ್ತಿದರೂ ಸೊರಗಿದ ಬೆನ್ನೆಲುಬು ಒಳಗೇ ಕುಸಿಯಬಹುದು.

ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಅಲ್ಟ್ರಾಸೌಂಡ್ ಯಂತ್ರ ಬರೀ ಜರಡಿ. ಅದರ ಚೀಟಿ ನೋಡಿ ಔಷಧ ಶುರು ಮಾಡಬಾರದು, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು. ಹೋಗುವ ದಿನ ಕ್ಯಾಲ್ಸಿಯಂ ಗುಳಗಿ ಬೇಡ. ಉಡದಾರ, ಡಾಬು, ಪಿನ್ನು, ಕೀಲಿಕೈ ಗೊಂಚಲು ತೆಗೆದಿಡಬೇಕು, ಇಲ್ಲವಾದರೆ ಬೆಳ್ಳಿಯೂ ಎಲುಬಿನ ಲೆಕ್ಕಕ್ಕೆ ಸೇರುತ್ತದೆ. ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿ ಕೊಡುವ ಅಂಕ, ಟಿ-ಸ್ಕೋರ್, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಎಲುಬು ಸವೆಯತೊಡಗಿದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಟೊಳ್ಳಾಗಿದೆ. ನಮ್ಮ ಭಾಗದವರಿಗೆ ಇಲ್ಲೊಂದು ವಿಶೇಷ ಬಲೆ ಇದೆ. ಯಾದಗಿರಿ, ಕಲಬುರಗಿಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರಿಲ್ಲದಿದ್ದರೆ 1.5ರ ತನಕ. ಫ್ಲೋರೈಡ್ ಕೂತ ಎಲುಬು ಯಂತ್ರಕ್ಕೆ ದಟ್ಟವಾಗಿ ಕಾಣುತ್ತದೆ, ಪೆಟ್ಟಿಗೆ ಮಾತ್ರ ಚಟ್ಟನೆ ಒಡೆಯುತ್ತದೆ. ಊರ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಇದ್ದು, ಬೆನ್ನು ಬಿಗಿದ ಹೆಂಗಸಿನ ಟಿ-ಸ್ಕೋರ್ ಪ್ಲಸ್ 2, 3 ಬಂದರೆ ‘ಎಲುಬು ಭಾರಿ ಗಟ್ಟಿ’ ಎಂದು ಕಳಿಸದೆ ನೀರು ಪರೀಕ್ಷಿಸಬೇಕು.

ಕೊನೆಗೆ, ಈ ಭಾಗದಲ್ಲಿ ಕೊಬ್ಬಿಗೂ ಎಲುಬಿಗೂ ಇರುವ ಸಂಬಂಧ ಅತಿ ಕ್ರೂರವಾಗಿ ಕಾಣುವುದು ಗರ್ಭಚೀಲ ತೆಗೆಸಿಕೊಂಡ ಹೆಂಗಸರಲ್ಲಿ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನಲ್ಲೇ ಅನಗತ್ಯವಾಗಿ ಈ ಆಪರೇಷನ್ ಆದ ಆರೋಪ ಸರ್ಕಾರಿ ತನಿಖೆಯ ತನಕ ಹೋಗಿತ್ತು. ಮೂವತ್ತೈದಕ್ಕೆ ಚೀಲದ ಜತೆ ಅಂಡಾಶಯಗಳನ್ನೂ ತೆಗೆದಿದ್ದರೆ ಅವಳ ಎಲುಬಿಗೆ ಅಂದಿನಿಂದಲೇ ಮುಟ್ಟು ನಿಂತ ಲೆಕ್ಕ, ಅದೂ ಸಹಜ ವಯಸ್ಸಿಗಿಂತ ಹತ್ತು ವರ್ಷ ಮೊದಲು. ಅಂಡಾಶಯ ಉಳಿಸಿದ್ದರೂ ಅವು ಬೇಗ ದಣಿಯುವುದುಂಟು, ಮುಟ್ಟೇ ಇಲ್ಲದವಳಿಗೆ ಅದು ಗೊತ್ತಾಗುವುದೂ ಇಲ್ಲ. ಹೊಲದ ಕೂಲಿ ಮಾಡಿ ಒಣಗಿದ ಮೈಯಲ್ಲಿ ಈಸ್ಟ್ರೋಜನ್ ಕೊಡಲು ಕೊಬ್ಬಿನ ಹಿತ್ತಲ ಬಾಗಿಲೂ ಇರುವುದಿಲ್ಲ. ಇವರಲ್ಲಿ ಅನೇಕರಿಗೆ ಏನು ತೆಗೆದರು, ಏನು ಉಳಿಸಿದರು ಎಂಬುದೇ ಗೊತ್ತಿರುವುದಿಲ್ಲ. ದವಾಖಾನೆಯ ಡಿಸ್ಚಾರ್ಜ್ ಕಾಗದ ಹುಡುಕಿ ಆಪರೇಷನ್ನಿನ ಹೆಸರು ಓದಿಸಬೇಕು. ‘ಬಿಎಸ್‌ಒ’ ಎಂಬ ಮೂರಕ್ಷರ ಇದ್ದರೆ ಎರಡೂ ಅಂಡಾಶಯ ಹೋಗಿವೆ. ಕಾಗದ ಕಳೆದಿದ್ದರೆ, ಅಂಡಾಶಯವನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಎಫ್‌ಎಸ್‌ಎಚ್ ರಕ್ತಪರೀಕ್ಷೆ: ಅಂಡಾಶಯ ಇಲ್ಲದಿದ್ದರೂ, ಇದ್ದು ದಣಿದಿದ್ದರೂ ಅದು ಬಹಳ ಮೇಲಿರುತ್ತದೆ. ನಲವತ್ತೈದರ ಒಳಗಿನವಳಿಗೆ ಹಾಗೆ ಬಂದರೆ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಈಸ್ಟ್ರೋಜನ್ ಚಿಕಿತ್ಸೆ ಕೊಡುವ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಬೇಕು. ಬರೀ ಕ್ಯಾಲ್ಸಿಯಂ ಗುಳಗಿ ಬರೆದು ಕಳಿಸಿದರೆ ಮತ್ತೊಮ್ಮೆ ಕೇಳಬೇಕು.